ಕೆಂಪಯ್ಯ ತಿರುಗಿ ನೋಡಲಿಲ್ಲ

ಕೆಂಪಯ್ಯ ಚೆನ್ನಾಗಿ ನುಡಿಸತೊಡಗಿದ್ದೇ ಕಸ್ತೂರಿರಂಗನ ಅನುಮಾನಕ್ಕೆ ಮೂಲವಾಯಿತು.

ಬೇರೆ ಯಾರಾದರೂ ಆಗಿದ್ದರೆ ಸಂತೋಷಪಡುತ್ತಿದ್ದರೋ ಏನೋ. ಮದ್ದೂರಿನ ಹೈಸ್ಕೂಲೊಂದರಲ್ಲಿ ಲೆಕ್ಕದ ಮೇಷ್ಟ್ರಾಗಿದ್ದ ಕಸ್ತೂರಿರಂಗ, ಸ್ಕೂಲು ಬಿಟ್ಟ ಮೇಲೆ ‘ಶಿಂಷಾ ವಾದ್ಯವೃಂದ’ ಎಂಬ ಆರ್ಕೆಸ್ಟ್ರಾ ನಡೆಸುತ್ತಿದ್ದ. ಗಣೇಶನ ಪೆಂಡಾಲು, ಮದುವೆಯ ಆರತಕ್ಷತೆ, ಕಾರ್ಖಾನೆಯ ಕಾಲೊನಿ, ಹೀಗೆ ಕರೆದಲ್ಲಿಗೆ ಹೋಗಿ ಸಿನಿಮಾ ಹಾಡು ನುಡಿಸಿ ಬರುವ ತಂಡ. ಅಕಾರ್ಡಿಯನ್ ಅವನದು. ಹಾಡುವುದಕ್ಕೆ ತಾಲ್ಲೂಕು ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದ ಸರಸಮ್ಮ. ಡ್ರಮ್ಮಿಗೆ ಭಾರತೀನಗರದ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ದೊಡ್ಡಸಿದ್ದಯ್ಯ. ಬೇಸ್ ಗಿಟಾರಿಗೆ ಶಿವನಸಮುದ್ರದ ಪವರ್ ಹೌಸಿನ ಕೆಂಪಯ್ಯ.

ಆ ಬೇಸ್ ಗಿಟಾರು ವಾದ್ಯವೃಂದದ ಆಸ್ತಿ. ಬೆಂಗಳೂರಿನ ಹೋಟೆಲೊಂದರಲ್ಲಿ ನುಡಿಸುತ್ತಿದ್ದ ಒಬ್ಬಾತ ಊರು ಬಿಟ್ಟು ಹೋಗುವಾಗ ಕಸ್ತೂರಿರಂಗನಿಗೆ ಕೊಟ್ಟು ಹೋಗಿದ್ದ. ಉದ್ದನೆಯ ಕತ್ತು, ದಪ್ಪ ದಪ್ಪ ನಾಲ್ಕೇ ತಂತಿ. ಮೊದಲ ಸಲ ಪೆಂಡಾಲಿನಲ್ಲಿ ಅದರ ಸದ್ದು ಕೇಳಿದ ಮುದುಕರೊಬ್ಬರು, “ಇದಕ್ಕೇನು ಗಂಟಲು ಕಟ್ಟಿದೆಯೇ?” ಎಂದು ಕೇಳಿದ್ದರು. ಹಾಡಿನ ತಳದಲ್ಲಿ ಗುಂ ಗುಂ ಎನ್ನುತ್ತಾ, ತಾಳವನ್ನೂ ರಾಗವನ್ನೂ ಕಟ್ಟಿ ಹಿಡಿಯುವ ಕೆಲಸ ಅದರದು. ಆ ಸದ್ದು ಇದ್ದಾಗ ಯಾರೂ ಗಮನಿಸುವುದಿಲ್ಲ. ನಿಂತರೆ ಮಾತ್ರ ಹಾಡು ಕುಸಿದಂತಾಗುತ್ತದೆ.

ಕೆಂಪಯ್ಯ ಅದಕ್ಕೆ ಮುಂಚೆ ಮ್ಯಾಂಡೊಲಿನ್ ನುಡಿಸುತ್ತಿದ್ದವನು. ಬೇಸನ್ನೂ ಮ್ಯಾಂಡೊಲಿನ್ನಿನ ಹಾಗೆಯೇ ಹಿಡಿದುಕೊಂಡ. ಒಂದು ಸ್ವರ ಸಾಕಾದ ಕಡೆ ನಾಲ್ಕು ನುಡಿಸುತ್ತಿದ್ದ. ಸರಸಮ್ಮ ಪಲ್ಲವಿ ಎತ್ತುವಷ್ಟರಲ್ಲಿ ಇವನು ಚರಣ ಮುಟ್ಟಿರುತ್ತಿದ್ದ. ಒಂದು ಸ್ವರ ಮುಗಿಯುವ ಮುಂಚೆ ಇನ್ನೊಂದು ಅದರ ಮೇಲೆ ಬಿದ್ದು, ಎಲ್ಲ ಸೇರಿ ಗಜಿಬಿಜಿಯಾಗುತ್ತಿತ್ತು.

“ಕೆಂಪಯ್ಯ, ಹಾಡಿನ ಕೆಳಗಿರಬೇಕು ಕಣಯ್ಯ ನೀನು. ಅದರ ತಲೆ ಮೇಲೆ ಕುಣೀಬೇಡ,” ಎಂದು ಕಸ್ತೂರಿರಂಗ ಹೇಳಿ ಹೇಳಿ ಸೋತಿದ್ದ. ಬೇರೆ ಯಾರಾದರೂ ಸಿಕ್ಕರೆ ಬದಲಾಯಿಸುವುದು ಎಂದುಕೊಂಡಿದ್ದ. ಆದರೆ ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಬೇಸ್ ಗಿಟಾರು ನುಡಿಸುವ ಇನ್ನೊಬ್ಬನನ್ನು ಎಲ್ಲಿಂದ ತರುವುದು?

ಹಾಗಿದ್ದ ಕೆಂಪಯ್ಯ ಎಪ್ಪತ್ತೇಳರ ಬೇಸಿಗೆಯಲ್ಲಿ ಬದಲಾಗಿಬಿಟ್ಟ.

ತಂಡದ ಅಭ್ಯಾಸ ಭಾನುವಾರ ಭಾನುವಾರ, ಪೇಟೆಯ ತೆಂಗಿನಕಾಯಿ ಮಂಡಿಯೊಂದರ ಮಹಡಿಯ ಮೇಲೆ ನಡೆಯುತ್ತಿತ್ತು. ಅವತ್ತು ಒಂದು ಜೋಗುಳದ ಹಾಡು ತೆಗೆದುಕೊಂಡಿದ್ದರು. ಅರ್ಧಕ್ಕೆ ಬಂದಾಗ ಸರಸಮ್ಮ ಹಾಡುತ್ತಲೇ ಕಣ್ಣರಳಿಸಿ ಕಸ್ತೂರಿರಂಗನ ಕಡೆ ನೋಡಿದಳು. ಅವನಿಗೂ ಗೊತ್ತಾಗಿತ್ತು. ಹಾಡು ಮೊದಲ ಸಲ ನೆಲದ ಮೇಲೆ ಕೂತಿತ್ತು. ಕೆಂಪಯ್ಯ ಒಂದು ಸ್ವರ ಮೀಟಿ, ಅದನ್ನು ಬೇಕಾದಷ್ಟೇ ಹೊತ್ತು ಬಿಟ್ಟು, ಬೆರಳೂರಿ ಸುಮ್ಮನಾಗಿಸುತ್ತಿದ್ದ. ಆ ಖಾಲಿ ಜಾಗದಲ್ಲಿ ಸರಸಮ್ಮನ ದನಿ ಹಗುರವಾಗಿ ಓಡಾಡಿಕೊಂಡಿತ್ತು.

“ಎಲ್ಲಿ ಕಲಿತೆಯಯ್ಯ ಇದನ್ನ?” ಎಂದು ಹಾಡು ಮುಗಿದ ಮೇಲೆ ಕಸ್ತೂರಿರಂಗ ಕೇಳಿದ.

ಕೆಂಪಯ್ಯ ತಲೆ ಬಗ್ಗಿಸಿಕೊಂಡೇ ಇದ್ದ. ಗಿಟಾರಿನ ಮೈ ಒರೆಸುತ್ತಾ ನಿಂತಿದ್ದ. ದೊಡ್ಡಸಿದ್ದಯ್ಯ ಅವನ ಮೊಣಕೈ ತಿವಿದು, ಮೇಷ್ಟ್ರ ಕಡೆ ಕಣ್ಣು ತೋರಿಸಿದ. ಕೆಂಪಯ್ಯ ತಲೆಯೆತ್ತಿ ನಕ್ಕು, “ಊಂ ಮೇಷ್ಟ್ರೇ,” ಎಂದ.

ಎಲ್ಲಿ ಕಲಿತೆ ಎಂದರೆ ಊಂ ಎನ್ನುವುದು ಎಂಥ ಉತ್ತರ? ಆ ಒಂದು ಊಂಕಾರ ಕಸ್ತೂರಿರಂಗನ ತಲೆಯೊಳಗೆ ಕೂತುಬಿಟ್ಟಿತು.

ಅವನ ಅನುಮಾನಕ್ಕೆ ಕಾರಣ ಇರಲಿಲ್ಲ ಎನ್ನುವ ಹಾಗಿಲ್ಲ. ಮಂಡ್ಯದಲ್ಲಿ ಇನ್ನೊಂದು ವಾದ್ಯವೃಂದವಿತ್ತು. ಅದನ್ನು ನಡೆಸುತ್ತಿದ್ದವನು ತಿರುನಾರಾಯಣ. ಕಸ್ತೂರಿರಂಗನ ಹೆಂಡತಿ ಪಂಕಜಮ್ಮನ ಅಕ್ಕನ ಗಂಡ, ಎಂದರೆ ಸಾಕ್ಷಾತ್ ಷಡ್ಡಕ. ಹಬ್ಬ ಹರಿದಿನದಲ್ಲಿ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವವರು, ಒಬ್ಬರ ಕಾರ್ಯಕ್ರಮ ಇನ್ನೊಬ್ಬರು ಕಿತ್ತುಕೊಳ್ಳುವುದಕ್ಕೆ ಹೇಸುತ್ತಿರಲಿಲ್ಲ. ಹಿಂದಿನ ವರ್ಷ ಕಸ್ತೂರಿರಂಗನ ತಬಲಾದವನು ಒಂದು ಮಾತೂ ಹೇಳದೆ ಮಂಡ್ಯಕ್ಕೆ ಹೋಗಿ ತಿರುನಾರಾಯಣನ ಪಕ್ಕ ಕೂತಿದ್ದ. ಹೋಗುವ ಮುಂಚೆ ಅವನೂ ಹೀಗೇ, ಇದ್ದಕ್ಕಿದ್ದ ಹಾಗೆ ಚೆನ್ನಾಗಿ ನುಡಿಸತೊಡಗಿದ್ದ.

“ಎಲ್ಲರೂ ನಮ್ಮ ಭಾವನ ಮನೆ ಬಾಗಿಲಿಗೇ ಹೋಗ್ತಾರಾ?” ಎಂದು ಪಂಕಜಮ್ಮ ರೇಗಿದಳು. “ಆ ಹುಡುಗ ಕಷ್ಟಪಟ್ಟು ಕಲಿತಿದಾನೆ ಅಂದ್ಕೊಳ್ಳಿ.”

“ಮನೇಲಿ ಕೂತು ಯಾರೂ ಹೇಳಿಕೊಡದೆ ಹಾಗೆ ಬರಲ್ಲ ಕಣೇ. ಯಾರೋ ತಿದ್ದುತ್ತಿದಾರೆ,” ಎಂದ ಕಸ್ತೂರಿರಂಗ. ತಿರುನಾರಾಯಣನ ಬಳಿ ಬೆಂಗಳೂರಿನಿಂದ ಬಂದು ಹೋಗುವ ಬೇಸ್ ಗಿಟಾರಿನವನೊಬ್ಬ ಇದ್ದಾನೆಂದು ಅವನಿಗೆ ತಿಳಿದಿತ್ತು.

ಅಲ್ಲಿಂದ ಮುಂದೆ ಕೆಂಪಯ್ಯ ಏನು ಮಾಡಿದರೂ ಅದರಲ್ಲಿ ಒಂದು ಅರ್ಥ ಕಾಣತೊಡಗಿತು. ಮೊದಲು ಗಿಟಾರು ಮಂಡಿಯ ಮಹಡಿಯಲ್ಲೇ ಇರುತ್ತಿತ್ತು. ಈಗ ಅದನ್ನು ಹಳೇ ಜಮಖಾನದಲ್ಲಿ ಸುತ್ತಿಕೊಂಡು ಶಿವನಸಮುದ್ರಕ್ಕೆ ಒಯ್ಯುತ್ತಿದ್ದ. ವೇದಿಕೆಯಲ್ಲಿ ಕಸ್ತೂರಿರಂಗನ ಪಕ್ಕ ನಿಲ್ಲುತ್ತಿದ್ದವನು ಈಗ ಮೇಷ್ಟ್ರಿಗೆ ಬೆನ್ನು ಹಾಕಿ, ದೊಡ್ಡಸಿದ್ದಯ್ಯನ ಡ್ರಮ್ಮಿಗೆ ಮೈ ತಾಗುವಷ್ಟು ಹತ್ತಿರ ನಿಲ್ಲುತ್ತಿದ್ದ. ಅವನ ದನಿ ತಗ್ಗಿತ್ತು. ದೊಡ್ಡಸಿದ್ದಯ್ಯನ ಮುಖಕ್ಕೆ ಮುಖ ಕೊಟ್ಟು ಪಿಸಪಿಸ ಮಾತಾಡುತ್ತಿದ್ದ. ನುಡಿಸದೆ ಇರುವಾಗ ಗಿಟಾರಿನ ಮೇಲೆ ಗದ್ದವೂರಿ, ಯಾರ ಮಾತಿಗೂ ಸೇರದೆ ತನ್ನಷ್ಟಕ್ಕೆ ಇರುತ್ತಿದ್ದ. ಮೇಷ್ಟ್ರು ಕರೆದರೆ ಒಂದು ಸಲ ತಿರುಗುವನು, ಮೂರು ಸಲ ಇಲ್ಲ.

ಹಾಗಂತ ಅವನು ಮೂಗನಾಗಿದ್ದನೇ? ಅದೂ ಇಲ್ಲ. ಮಳವಳ್ಳಿಯ ಮದುವೆಯೊಂದಕ್ಕೆ ಹೋಗುವಾಗ ತುಂಬಿದ ಬಸ್ಸಿನಲ್ಲಿ, ಎಂಜಿನ್ ಒದರುತ್ತಿದ್ದಾಗ, ಅವನು ಹಿಂದಿನ ಸೀಟಿನ ರೈತನೊಬ್ಬನ ಜೊತೆ ಭತ್ತದ ಸಸಿ, ನಾಲೆ ನೀರು ಎಂದು ಉದ್ದಕ್ಕೂ ಹರಟಿದ. ಕೇಳಿದ್ದಕ್ಕೆಲ್ಲ ಥಟ್ಟನೆ ಉತ್ತರ. ಬಸ್ಸಿಳಿದು ಮದುವೆಮನೆಯ ಕೋಣೆಯೊಂದರಲ್ಲಿ ಕೂತ ಮೇಲೆ ಕಸ್ತೂರಿರಂಗ, “ಕಾಫಿ ಕುಡೀತೀಯೇನಯ್ಯಾ?” ಎಂದರೆ ಗೋಡೆ ನೋಡುತ್ತಾ ಕೂತಿದ್ದ. ಯಾರೆಂದು ಗೊತ್ತಿಲ್ಲದ ರೈತನ ಜೊತೆ ಮಾತು ಬೇಕು, ನನ್ನ ಜೊತೆ ಬೇಡ, ಎಂದುಕೊಂಡ ಕಸ್ತೂರಿರಂಗ.

ಜುಲೈನಲ್ಲಿ ಸರಸಮ್ಮ ಒಂದು ಮಾತು ಹಾಕಿದಳು. “ಮೇಷ್ಟ್ರೇ, ಮೊನ್ನೆ ಮಂಡ್ಯಕ್ಕೆ ಹೋಗಿದ್ದೆ. ನಿಮ್ಮ ಭಾವ ಪ್ರಾಕ್ಟೀಸ್ ಮಾಡೋ ಬೀದಿ ಇದೆಯಲ್ಲ, ಅಲ್ಲಿ ಕೆಂಪಯ್ಯನ್ನ ನೋಡಿದೆ. ಯಾವುದೋ ಮೆಟ್ಟಿಲು ಇಳಿದು ಬರ್ತಿದ್ದ. ನನ್ನ ನೋಡಿ ಮುಖ ತಿರುಗಿಸಿಬಿಟ್ಟ.”

ಕಸ್ತೂರಿರಂಗನಿಗೆ ಇನ್ನೇನೂ ಬೇಕಿರಲಿಲ್ಲ. ಆದರೂ ಲೆಕ್ಕದ ಮೇಷ್ಟ್ರು, ತಾಳೆ ನೋಡದೆ ಉತ್ತರ ಬರೆಯುವವನಲ್ಲ. ಮುಂದಿನ ಭಾನುವಾರ ಎಲ್ಲರೂ ಸೇರಿದಾಗ ಕಿಟಕಿಯ ಕಡೆ ತಿರುಗಿ ನಿಂತು, ಬೀದಿ ನೋಡುವವನ ಹಾಗೆ ಹೇಳಿದ: “ಮಂಡ್ಯದವರು ಕರೆದರೆ ಹೋಗೋರು ಯಾರಾದರೂ ಇದ್ದರೆ ಈಗಲೇ ಹೇಳಿಬಿಡಿ. ನಾನೇನೂ ಬೇಜಾರು ಮಾಡಿಕೊಳ್ಳಲ್ಲ.”

“ಎಂಥ ಮಾತಾಡ್ತೀರಿ ಮೇಷ್ಟ್ರೇ,” ಎಂದಳು ಸರಸಮ್ಮ.

“ನಾನ್ಯಾಕ್ ಓಗ್ಲಿ ಬುಡಿ,” ಎಂದ ದೊಡ್ಡಸಿದ್ದಯ್ಯ.

ಕಸ್ತೂರಿರಂಗ ಮೆಲ್ಲಗೆ ತಿರುಗಿ ನೋಡಿದರೆ ಕೆಂಪಯ್ಯ ಗಿಟಾರಿಗೆ ಗದ್ದವೂರಿ ತಂತಿಯ ಬಿರಡೆ ತಿರುಗಿಸುತ್ತಿದ್ದ. ಮುಖದ ಮೇಲೆ ಒಂದು ಗೆರೆಯೂ ಅಲುಗಿರಲಿಲ್ಲ. ಎಂಥ ಗಟ್ಟಿ ಆಸಾಮಿ ಇವನು ಎಂದು ಕಸ್ತೂರಿರಂಗನ ಮೈ ಉರಿಯಿತು.

ಎಲ್ಲ ಬಯಲಿಗೆ ಬಿದ್ದದ್ದು ಭಾರತೀನಗರದಲ್ಲಿ. ಗಣೇಶನ ಹಬ್ಬಕ್ಕೆ ಅಲ್ಲಿನ ಕಾಲೊನಿಯಲ್ಲಿ ಇವರ ಕಾರ್ಯಕ್ರಮ. ಮೊದಲ ಹಾಡು ಬೇಸ್ ಗಿಟಾರಿನಿಂದಲೇ ಶುರುವಾಗುವ ಒಂದು ಕುಣಿತದ ಹಾಡು. ಆದರೆ ಅವತ್ತು ಸರಸಮ್ಮನಿಗೆ ಗಂಟಲು ಕಟ್ಟಿತ್ತು. “ಮೊದಲೇ ಅಷ್ಟು ಮೇಲಕ್ಕೆ ಹೋಗೋಕಾಗಲ್ಲ ಮೇಷ್ಟ್ರೇ,” ಎಂದಳು. ವೇದಿಕೆಯ ಹಿಂದಿನ ಸಣ್ಣ ಕೋಣೆಯಲ್ಲಿ ಕಸ್ತೂರಿರಂಗ ಎಲ್ಲರಿಗೂ ಹೇಳಿದ: “ಕುಣಿತದ ಹಾಡು ಆಮೇಲೆ. ಮೊದಲು ಗಣೇಶನ ಸ್ತುತಿ.” ಎಲ್ಲರೂ ತಲೆಯಾಡಿಸಿದರು. ಕೆಂಪಯ್ಯ ಮೂಲೆಯಲ್ಲಿ ಬಗ್ಗಿ ಶ್ರುತಿ ಮಾಡಿಕೊಳ್ಳುತ್ತಿದ್ದ. ಅಷ್ಟು ಸಣ್ಣ ಕೋಣೆಯಲ್ಲಿ ಯಾರಿಗೆ ತಾನೇ ಕೇಳಿಸುವುದಿಲ್ಲ?

ಪರದೆ ಸರಿಯಿತು. ಸರಸಮ್ಮ ಕೈಮುಗಿದು ಕಣ್ಣು ಮುಚ್ಚಿ ಸ್ತುತಿಗೆ ಬಾಯಿ ತೆರೆಯಬೇಕು, ಅಷ್ಟರಲ್ಲಿ ಬೇಸ್ ಗಿಟಾರು ಒಂದೇ ಸಮನೆ ಕುಣಿತದ ಹಾಡು ಎತ್ತಿಕೊಂಡಿತು. ಜನ ಹೋ ಎಂದು ನಕ್ಕರು. ಹಿಂದಿನಿಂದ ಶಿಳ್ಳೆ ಬಿತ್ತು. ಸರಸಮ್ಮ ತಬ್ಬಿಬ್ಬಾಗಿ ನಿಂತಳು. ದೊಡ್ಡಸಿದ್ದಯ್ಯ ಕೋಲು ಬಿಟ್ಟು ಕೆಂಪಯ್ಯನ ತೋಳು ಹಿಡಿದಾಗಲೇ ಅವನು ನಿಲ್ಲಿಸಿದ್ದು. ಅವನ ಮುಖ ಸುಣ್ಣದ ಹಾಗೆ ಬೆಳ್ಳಗಾಯಿತು. ಆಮೇಲೆ ಕಾರ್ಯಕ್ರಮ ಹೇಗೋ ಮುಗಿಯಿತು. ನಿಜ ಹೇಳಬೇಕೆಂದರೆ ಆಮೇಲೆ ಕೆಂಪಯ್ಯ ಒಂದು ಸ್ವರವನ್ನೂ ತಪ್ಪಲಿಲ್ಲ. ಆದರೆ ಕಸ್ತೂರಿರಂಗನ ಕಿವಿಯಲ್ಲಿ ಆ ಶಿಳ್ಳೆಯೇ ತುಂಬಿತ್ತು.

“ಬೇಕಂತಲೇ ಮಾಡಿದೆಯೇನಯ್ಯಾ?” ಎಂದು ವೇದಿಕೆ ಇಳಿದ ಕೂಡಲೇ ಕೇಳಿದ.

“ತಪ್ಪಾಯ್ತು ಮೇಷ್ಟ್ರೇ,” ಎಂದ ಕೆಂಪಯ್ಯ, ಕೇಳಿಸಿಯೂ ಕೇಳಿಸದಷ್ಟು ಮೆಲ್ಲಗೆ.

“ನಂದೇ ತಪ್ಪು ಮೇಷ್ಟ್ರೇ, ಅವ್ನಿಗೆ ನಾನು ಯೋಳ್ಬೇಕಾಗಿತ್ತು,” ಎಂದು ದೊಡ್ಡಸಿದ್ದಯ್ಯ ಅಡ್ಡ ಬಂದ.

“ನೀನ್ಯಾಕೆ ಹೇಳಬೇಕು? ನಾನೇ ಹೇಳಿದ್ನಲ್ಲ, ಅವನ ಮುಂದೆ?”

ದೊಡ್ಡಸಿದ್ದಯ್ಯ ನೆಲ ನೋಡಿದ. ಇಬ್ಬರೂ ಒಂದೇ ಎಂದು ಕಸ್ತೂರಿರಂಗನಿಗೆ ಖಾತರಿಯಾಯಿತು. ಮುಂದಿನ ವಾರ ಮಂಡ್ಯದ ದೊಡ್ಡ ಪೆಂಡಾಲಿನಲ್ಲಿ, ತಿರುನಾರಾಯಣನ ಊರಿನಲ್ಲೇ ಕಾರ್ಯಕ್ರಮವಿತ್ತು. ಅಲ್ಲಿ ಹೀಗೆ ನಗೆಪಾಟಲು ಮಾಡಿ, ಮಾರನೆಯ ದಿನ ಇಬ್ಬರೂ ಷಡ್ಡಕನ ಕಡೆ ಹೊರಟುಹೋಗುತ್ತಾರೆ. ಅಷ್ಟಕ್ಕೆ ಬಿಡಬಾರದು. ಮೊದಲು ಗಿಟಾರು ವಾಪಸು ತರಬೇಕು.

ಸ್ಕೂಲಿಗೆ ರಜೆ ಇದ್ದ ದಿನ ನೋಡಿಕೊಂಡು ಅವನು ಬಸ್ಸು ಹತ್ತಿದ. ಮಳವಳ್ಳಿಯಲ್ಲಿ ಇಳಿದು ಬೇರೆ ಬಸ್ಸು ಹಿಡಿದು ಶಿವನಸಮುದ್ರಕ್ಕೆ ಬಂದಾಗ ಊಟದ ಹೊತ್ತು ಮೀರಿತ್ತು. ಉದ್ದಕ್ಕೂ ಏನು ಹೇಳಬೇಕೆಂದು ಮನಸ್ಸಿನಲ್ಲಿ ಮಾತು ಜೋಡಿಸಿಕೊಂಡಿದ್ದ. ವಿದ್ಯುತ್ ನೌಕರರ ಮನೆಗಳ ಸಾಲಿನಲ್ಲಿ ವಿಚಾರಿಸಿದರೆ, “ಗಿಟಾರು ಕೆಂಪಯ್ಯನಾ? ಕೊನೇ ಮನೆ,” ಎಂದು ತೋರಿಸಿದರು.

ಜಗಲಿಯ ಮೇಲೆ ಕೆಂಪಯ್ಯನ ತಾಯಿ ಚಲುವಮ್ಮ ಮೊರದಲ್ಲಿ ರಾಗಿ ಕೇರುತ್ತಿದ್ದಳು. ಹೊಸಲಿನ ಪಕ್ಕ ಎರಡು ಜೊತೆ ಚಪ್ಪಲಿ. ಒಂದು ಜೊತೆಯ ಮೇಲಿನ ಕೆಂಪು ಪಟ್ಟಿ ಕಸ್ತೂರಿರಂಗನಿಗೆ ಚೆನ್ನಾಗಿ ಗೊತ್ತಿತ್ತು. ದೊಡ್ಡಸಿದ್ದಯ್ಯನದು. ಭಾರತೀನಗರದಲ್ಲಿರಬೇಕಾದವನಿಗೆ ಇಲ್ಲೇನು ಕೆಲಸ?

“ನಾನು ಮದ್ದೂರಿನಿಂದ ಬಂದೆ, ಆರ್ಕೆಸ್ಟ್ರಾ ಮೇಷ್ಟ್ರು,” ಎಂದ.

“ಅಯ್, ಮೇಷ್ಟ್ರಾ! ಬನ್ನಿ ಬನ್ನಿ. ಒಳ್ಗವ್ರೆ ಇಬ್ರೂವೆ,” ಎಂದು ಚಲುವಮ್ಮ ಮೊರ ಕೆಳಗಿಟ್ಟು ಎದ್ದಳು.

ಒಳಗಿನಿಂದ ಧಪ್, ಧಪ್ ಎಂಬ ಸದ್ದು ಬರುತ್ತಿತ್ತು. ಕಸ್ತೂರಿರಂಗ ಅವಳಿಗೂ ಕಾಯದೆ ನಡುಮನೆಗೆ ನುಗ್ಗಿದ.

ಅಲ್ಲಿ ಒಂದು ಹಳೆಯ ಮರದ ರಾಗಿ ಪೆಟ್ಟಿಗೆ. ಅದರ ಮೇಲೆ ಕೆಂಪಯ್ಯ ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದ. ಗಿಟಾರಿಗೆ ಕರೆಂಟಿನ ವೈರಿರಲಿಲ್ಲ, ವೇದಿಕೆಯಲ್ಲಿ ಅದರ ಸದ್ದು ಹಿಗ್ಗಿಸುವ ಸ್ಪೀಕರು ಬಾಕ್ಸೂ ಇರಲಿಲ್ಲ. ಗಿಟಾರಿನ ಮೇಲಿನ ಕೊಂಬನ್ನು ದವಡೆಗೆ ಒತ್ತಿಕೊಂಡು, ಕಣ್ಣು ಮುಚ್ಚಿ, ಎರಡೇ ಎರಡು ಸ್ವರ ನುಡಿಸುತ್ತಿದ್ದ. ಆಚೆ ತುದಿಯಲ್ಲಿ ದೊಡ್ಡಸಿದ್ದಯ್ಯ ಕೂತು ಪೆಟ್ಟಿಗೆಯ ಪಕ್ಕಕ್ಕೆ ಹಿಮ್ಮಡಿಯಿಂದ ಗುದ್ದುತ್ತಿದ್ದ. ತುಂಬ ನಿಧಾನ. ಒಂದು ಗುದ್ದು, ಒಂದು ಸ್ವರ, ಬೆರಳೂರಿ ಮೌನ. ಮತ್ತೆ ಗುದ್ದು, ಮತ್ತೆ ಸ್ವರ, ಮತ್ತೆ ಮೌನ. ನಿಂತು ಕೇಳಿದರೆ ಅದು ಭಾರತೀನಗರದಲ್ಲಿ ಕೆಟ್ಟಿದ್ದ ಆ ಕುಣಿತದ ಹಾಡೇ. ಎಮ್ಮೆ ನಡಿಗೆಯಷ್ಟು ನಿಧಾನ ಮಾಡಿದ್ದರಿಂದ ಮೊದಲಿಗೆ ಗುರುತು ಸಿಕ್ಕಿರಲಿಲ್ಲ.

ದೊಡ್ಡಸಿದ್ದಯ್ಯ ಮೇಷ್ಟ್ರನ್ನು ಕಂಡು ಕಾಲು ನಿಲ್ಲಿಸಿದ.

“ಯಾಕ್ಲಾ ನಿಲ್ಸ್‌ಬುಟ್ಟೆ? ಇನ್ನೂ ಕೂತ್ಕತಾ ಇಲ್ಲ ಕಣ್ಲಾ ಅದು,” ಎಂದ ಕೆಂಪಯ್ಯ, ಕಣ್ಣು ಮುಚ್ಚಿಕೊಂಡೇ.

“ಕೆಂಪಯ್ಯ!” ಎಂದು ಕರೆದ ಕಸ್ತೂರಿರಂಗ.

ಕೆಂಪಯ್ಯ ತಿರುಗಿ ನೋಡಲಿಲ್ಲ.

“ಏ ಕೆಂಪಯ್ಯ! ಕರೀತಿರೋದು ಕೇಳಿಸ್ತಿಲ್ವೇನೋ!”

ಹಿಂದಿನಿಂದ ಚಲುವಮ್ಮನ ದನಿ ಬಂತು. “ಕೂಗಿದ್ರೆ ಕೇಳಾಕಿಲ್ಲ ಮೇಷ್ಟ್ರೇ. ಮುಟ್ಟಿ ಕರೀರಿ.”

ಕಸ್ತೂರಿರಂಗ ಅವಳ ಮುಖ ನೋಡಿದ. ಆಮೇಲೆ ದೊಡ್ಡಸಿದ್ದಯ್ಯನ ಮುಖ ನೋಡಿದ. ಕಸ್ತೂರಿರಂಗ ಮುಟ್ಟಲಿಲ್ಲ. ದೊಡ್ಡಸಿದ್ದಯ್ಯನೇ ಕೆಂಪಯ್ಯನ ಮೊಣಕಾಲು ತಟ್ಟಿ ಬಾಗಿಲ ಕಡೆ ತೋರಿಸಿದ.

ಕೆಂಪಯ್ಯ ಎದ್ದು ನಿಂತ. ಮೇಷ್ಟ್ರು, ತಾಯಿ, ಗೆಳೆಯ, ಮೂವರ ಮುಖವನ್ನೂ ಒಂದೊಂದಾಗಿ ನೋಡಿದ. ಏನಾಗಿದೆಯೆಂದು ಅವನಿಗೆ ಯಾರೂ ಹೇಳಬೇಕಾಗಲಿಲ್ಲ.

“ಯೋಳ್ಬುಟ್ಟೇನವ್ವಾ?” ಎಂದ.

“ಎಷ್ಟ್ ದಿನ ಮುಚ್ಚಿಡೀಯಪ್ಪಾ,” ಎಂದಳು ಚಲುವಮ್ಮ.

ಆಮೇಲೆ ಕೆಂಪಯ್ಯ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡೇ ಎಲ್ಲ ಹೇಳಿದ. ಬೇಸಾಯ ಮಾಡಿಕೊಂಡಿದ್ದ ಅವನ ತಂದೆಗೂ ಈ ವಯಸ್ಸಿಗೇ ಕಿವಿ ಹೋಗಿತ್ತು. ಇವನಿಗೆ ಎರಡು ವರ್ಷದಿಂದ ಮಂದವಾಗುತ್ತಾ ಬಂದಿತ್ತು. ಹೋದ ಚಳಿಗಾಲದಲ್ಲಿ ಮಂಡ್ಯದ ಕಿವಿ ಡಾಕ್ಟರೊಬ್ಬರಿಗೆ ತೋರಿಸಿದ. ಒಳಗಿನ ಸಣ್ಣ ಮೂಳೆಯೊಂದು ಬಿಗಿದುಕೊಂಡಿದೆ ಎಂದರಂತೆ.

“ಒಂದು ಕಬ್ಬಿಣದ ಕವೆ ತಗಂಡು ಟಣ್ ಅನ್ಸಿ ಕಿವಿ ಮುಂದೆ ಇಡುದ್ರು ಮೇಷ್ಟ್ರೇ. ಏನೂ ಕೇಳ್ನಿಲ್ಲ. ಅದ್ನೇ ಕಿವಿ ಇಂದ್ಲ ಮೂಳೆಗೆ ಒತ್ತುದ್ರು ನೋಡಿ, ತಲೆ ಒಳ್ಗೆಲ್ಲ ದೇವಸ್ಥಾನದ ಗಂಟೆ ಬಡ್ದಂಗಾಯ್ತು! ಬಸ್ಸಲ್ಲಿ ಬತ್ತಾ ಅದೇ ಯೋಚ್ನೆ. ಮನೆಗ್ ಬಂದವ್ನೇ ಗಿಟಾರ್ನ ದವಡೆಗೆ ಒತ್ಕಂಡೆ.”

ಹಾಗೆ ಒತ್ತಿಕೊಂಡಾಗ ಅವನು ತನ್ನ ಬೇಸನ್ನು ಮೊದಲ ಸಲ ಸರಿಯಾಗಿ ಕೇಳಿಸಿಕೊಂಡಿದ್ದ. ಕೇಳಿ ನಾಚಿಕೆಯಾಗಿತ್ತು. ಒಂದು ಸ್ವರದ ಬಾಲ ಇನ್ನೊಂದರ ತಲೆಗೆ ಸಿಕ್ಕಿಕೊಂಡಿತ್ತು. ಅಂದಿನಿಂದ ಒಂದೊಂದು ಹಾಡನ್ನು ವಾರಗಟ್ಟಲೆ ಹಿಡಿದ. ಮೊದಲು ಒಂದೇ ತಂತಿಯ ಮೇಲೆ, ಆಮೆಯ ಹಾಗೆ. ಸ್ವರ ಎಲ್ಲಿ ಶುರುವಾಗಬೇಕು ಎನ್ನುವುದಕ್ಕಿಂತ ಎಲ್ಲಿ ನಿಲ್ಲಬೇಕು ಎಂಬುದನ್ನೇ ಹೆಚ್ಚು ತಿದ್ದಿಕೊಂಡ. ಅದು ಕೈಗೆ ಹತ್ತದೆ ಮುಂದಿನ ಸಾಲಿಗೆ ಹೋಗುತ್ತಿರಲಿಲ್ಲ. ದಿನಾ ಕೆಲಸ ಮುಗಿಸಿ ಬಂದು ಕೈಕಾಲು ತೊಳೆದುಕೊಂಡು ಕೂರುವುದು, ಬೆರಳು ನೋಯುವ ಮುಂಚೆ ಏಳುವುದು. ತಾಳಕ್ಕೆ, ರಜೆ ಸಿಕ್ಕಾಗಲೆಲ್ಲ ಬರುವ ದೊಡ್ಡಸಿದ್ದಯ್ಯನ ಕಾಲು. ಗುದ್ದಿದ್ದು ಪೆಟ್ಟಿಗೆಯ ಮೂಲಕ ಮೈಗೆ ಬರುತ್ತಿತ್ತು. ವೇದಿಕೆಯಲ್ಲಿ ಡ್ರಮ್ಮಿಗೆ ಅಂಟಿಕೊಂಡು ನಿಲ್ಲುತ್ತಿದ್ದದ್ದೂ ಅದಕ್ಕೇ.

ಕಸ್ತೂರಿರಂಗ ಇಷ್ಟಕ್ಕೆಲ್ಲ ಒಪ್ಪಿಬಿಡುವ ಮನುಷ್ಯನಲ್ಲ. “ಬಸ್ಸಿನಲ್ಲಿ ಅಷ್ಟು ಗಲಾಟೇಲಿ ಆ ರೈತನ ಜೊತೆ ಹರಟಿದೆಯಲ್ಲ? ಆಗ ಕಿವಿ ಎಲ್ಲಿಂದ ಬಂತು?” ಎಂದು ಕೆಂಪಯ್ಯನ ಮುಖಕ್ಕೆ ಮುಖ ಕೊಟ್ಟು ಕೇಳಿದ.

“ಗಲಾಟೆ ಇದ್ರೇನೇ ನಂಗೆ ಚೆಂದಾಗ್ ಕೇಳೋದು ಮೇಷ್ಟ್ರೇ. ಪವರ್ ಹೌಸ್ನಾಗೆ ಎಲ್ರ ಮಾತೂ ಕೇಳ್ತದೆ, ಅದ್ಕೇ ಅಲ್ಲಿ ಯಾರ್ಗೂ ಗೊತ್ತಾಗಿಲ್ಲ. ತಣ್ಣಗಿರೋ ಜಾಗ್ದಲ್ಲೇ ನಾನು ಕಿವ್ಡ. ಈ ಕಾಯ್ಲೆನೇ ಅಂಗಂತೆ, ಡಾಕ್ಟ್ರು ಯೋಳುದ್ರು.”

“ಮತ್ತೆ ಸರಸಮ್ಮನ್ನ ನೋಡಿ ಮುಖ ತಿರುಗಿಸಿದ್ದು?”

“ಕಿವಿ ಮತ್ತೆ ತೋರ್ಸಾಕ್ ಓಗಿದ್ದೆ ಮೇಷ್ಟ್ರೇ. ಡಾಕ್ಟ್ರ ಬೋರ್ಡು ಅಲ್ಲೇ ಮೇಲ್ಗಡೆ ಇತ್ತಲ್ಲ. ಆಯಮ್ಮ ಓದ್ಬುಡ್ತಾರೆ ಅಂತ.”

ಎಲ್ಲಕ್ಕೂ ಉತ್ತರವಿತ್ತು. ಎಲ್ಲಕ್ಕೂ ಉತ್ತರವಿರುವುದೇ ಕಸ್ತೂರಿರಂಗನಿಗೆ ಒಂದು ಕ್ಷಣ ಮತ್ತೆ ಅನುಮಾನ ತಂದಿತು. ಕೆಂಪಯ್ಯ ಅದನ್ನು ಅವನ ಮುಖದಲ್ಲೇ ಓದಿದನೋ ಏನೋ, ಗಿಟಾರನ್ನು ಮುಂದೆ ನೀಡಿ, “ನೀವೇ ನೋಡಿ. ಕಿವಿ ಮುಚ್ಕಳಿ,” ಎಂದ.

ಕಸ್ತೂರಿರಂಗ ಹಿಂಜರಿಯುತ್ತಾ ಪೆಟ್ಟಿಗೆಯ ಮೇಲೆ ಕೂತ. ದವಡೆಯನ್ನು ಗಿಟಾರಿನ ಕೊಂಬಿಗೆ ಒತ್ತಿ, ಎರಡು ಕಿವಿಗೂ ಬೆರಳಿಟ್ಟುಕೊಂಡ. ಮನೆ, ಮಾತು, ಹೊರಗಿನ ಕೋಳಿಯ ಕೂಗು ಎಲ್ಲ ಮಾಯವಾದವು. ಕೆಂಪಯ್ಯ ಬಗ್ಗಿ ದಪ್ಪ ತಂತಿಯನ್ನು ಒಂದು ಸಲ ಮೀಟಿದ. ಸ್ವರ ಹಲ್ಲಿನಿಂದ ಹತ್ತಿ, ತಲೆಬುರುಡೆಯೊಳಗೆ ತುಂಬಿ, ಎದೆಗೆ ಇಳಿಯಿತು. ಬೆರಳೂರಿದಾಗ ಅದು ಕತ್ತರಿಸಿದ ಹಾಗೆ ನಿಂತಿತು. ಆ ನಿಂತದ್ದು ಅಷ್ಟು ಸ್ಪಷ್ಟವಾಗಿ ಕೇಳಿಸಿತು. ಇಷ್ಟು ವರ್ಷ ವಾದ್ಯ ಹಿಡಿದವನಿಗೆ ಮೌನ ಹಾಗೆ ಕೇಳಿಸಿರಲಿಲ್ಲ.

ತಲೆಯೆತ್ತಿದಾಗ ಅವನ ಕಣ್ಣು ಒದ್ದೆಯಾಗಿತ್ತು. ಅದು ಗೊತ್ತಾಗದಿರಲೆಂದು ಗದರಿದ. “ಮೊದಲೇ ಹೇಳೋದಕ್ಕೆ ಏನಾಗಿತ್ತಯ್ಯ ನಿನಗೆ?”

“ಯೋಳಿದ್ರೆ ಮಡೀಕತಿದ್ರಾ ಮೇಷ್ಟ್ರೇ?”

ಇಟ್ಟುಕೊಳ್ಳುತ್ತಿರಲಿಲ್ಲ. ಅದು ಕಸ್ತೂರಿರಂಗನಿಗೂ ಗೊತ್ತಿತ್ತು, ಆ ಮನೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಚಲುವಮ್ಮ ಕೊಟ್ಟ ಮಜ್ಜಿಗೆ ಕುಡಿದು, ಗಿಟಾರಿನ ಮಾತೆತ್ತದೆ, “ಮಂಡ್ಯದ ಕಾರ್ಯಕ್ರಮಕ್ಕೆ ಹೊತ್ತಿಗೆ ಸರಿಯಾಗಿ ಬಾ,” ಎಂದು ಕೆಂಪಯ್ಯನಿಗೆ ತುಟಿ ಕಾಣುವ ಹಾಗೆ ನಿಧಾನವಾಗಿ ಹೇಳಿ ಹೊರಟ.

ಆದರೆ ಮನಸ್ಸು ಅಷ್ಟು ಬೇಗ ತಿರುಗುತ್ತದೆಯೇ? ಮಂಡ್ಯದ ವೇದಿಕೆ ಹತ್ತಿದಾಗ ಹಳೆಯ ಅನುಮಾನ ಹೊಸ ವೇಷ ಹಾಕಿಕೊಂಡು ಬಂದಿತು. ಮುಂಚೆ ಇವನು ಮೋಸ ಮಾಡುತ್ತಾನೆಂಬ ಭಯ. ಈಗ ಇವನಿಗೆ ಕೇಳಿಸದೆ ಹೋದರೆ ಎಂಬ ಭಯ. ಮುಂದಿನ ಸಾಲಿನಲ್ಲಿ ತಿರುನಾರಾಯಣ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದ. ಕಸ್ತೂರಿರಂಗ ಅಕಾರ್ಡಿಯನ್ನಿನ ಮೇಲೆ ಕೈಯಿಟ್ಟು, ಕಣ್ಣನ್ನು ಕೆಂಪಯ್ಯನ ಬೆರಳ ಮೇಲೇ ನೆಟ್ಟಿದ್ದ. ಹಾಡಾದ ಮೇಲೆ ಹಾಡು. ಈಗ ತಪ್ಪುತ್ತಾನೆ, ಇನ್ನೇನು ತಪ್ಪುತ್ತಾನೆ.

ತಪ್ಪಿದವನು ಕಸ್ತೂರಿರಂಗನೇ. ಕುಣಿತದ ಹಾಡಿನ ನಡುವೆ ಅಕಾರ್ಡಿಯನ್ ಒಂದೇ ಬರಬೇಕಾದ ಜಾಗ. ಕೆಂಪಯ್ಯನ ಬೆರಳು ಕಾಯುತ್ತಾ ಕಾಯುತ್ತಾ ಅವನು ತನ್ನ ಜಾಗ ಮರೆತುಬಿಟ್ಟ. ಸರಸಮ್ಮ ಹಾಡಿ ನಿಲ್ಲಿಸಿದಳು. ಪೆಂಡಾಲಿನಲ್ಲಿ ಒಂದು ಗುಂಡಿ ತೆರೆದುಕೊಂಡಂತಾಯಿತು. ಕಸ್ತೂರಿರಂಗನಿಗೆ ಅಕಾರ್ಡಿಯನ್ನಿನ ಯಾವ ಮನೆಗೆ ಬೆರಳಿಡಬೇಕೆಂದೇ ತೋಚಲಿಲ್ಲ.

ಬೇಸ್ ಗಿಟಾರು ಮಾತ್ರ ನಿಲ್ಲಲಿಲ್ಲ. ಅದೇ ಎರಡು ಸ್ವರ, ದೊಡ್ಡಸಿದ್ದಯ್ಯನ ಕಾಲಿನ ಜೊತೆ, ಆತುರವಿಲ್ಲದೆ ಬಂದವು. ಮತ್ತೆ ಬಂದವು. ಅದು ಹಾಡೇ ಹಾಗಿರುವುದೇನೋ ಎಂಬಂತೆ ಜನ ತಾಳ ಹಾಕತೊಡಗಿದರು. ಕೆಂಪಯ್ಯ ಡ್ರಮ್ಮಿನ ಪಕ್ಕದಿಂದ ತಲೆ ತಿರುಗಿಸಿ ಮೇಷ್ಟ್ರನ್ನು ನೋಡಿ, ಗದ್ದವನ್ನು ಸ್ವಲ್ಪ ಎತ್ತಿದ. ‘ಈಗ ಬನ್ನಿ’ ಎನ್ನುವಂತೆ. ಕಸ್ತೂರಿರಂಗ ಉಸಿರೆಳೆದು ಒಳಗೆ ಬಂದ. ಹಾಡು ಮುಗಿದಾಗ ಪೆಂಡಾಲು ಎದ್ದು ಚಪ್ಪಾಳೆ ತಟ್ಟಿತು.

ವೇದಿಕೆಯ ಹಿಂದೆ ಜನರೇಟರು ಗುಡುಗುತ್ತಿತ್ತು, ಧ್ವನಿವರ್ಧಕದಲ್ಲಿ ಯಾವುದೋ ರೆಕಾರ್ಡು ಹಾಕಿದ್ದರು. ಆ ಗದ್ದಲದಲ್ಲಿ ತಿರುನಾರಾಯಣ ಷಡ್ಡಕನ ಹೆಗಲ ಮೇಲೆ ಕೈ ಹಾಕಿದ.

“ರಂಗ, ನಿನ್ನ ಬೇಸ್ ಹುಡುಗ ಎಲ್ಲಿ ಸಿಕ್ಕಿದನಯ್ಯಾ? ನಮ್ಮ ಬೆಂಗಳೂರಿನವನು ದಸರಾಕ್ಕೆ ಕೈ ಕೊಟ್ಟಿದಾನೆ. ಇವನನ್ನ ನನಗೆ ಕೊಡು.”

ಕೆಂಪಯ್ಯ ನಾಲ್ಕು ಹೆಜ್ಜೆ ಆಚೆ, ಇವರಿಗೆ ಬೆನ್ನು ಹಾಕಿ ಗಿಟಾರಿಗೆ ಜಮಖಾನ ಸುತ್ತುತ್ತಿದ್ದ. ಕಸ್ತೂರಿರಂಗನ ನಾಲಿಗೆಯ ತುದಿಗೆ ಒಂದು ಮಾತು ಬಂದು ನಿಂತಿತು. ಅವನಿಗೆ ಕಿವಿ ಕೇಳಿಸುವುದಿಲ್ಲ ಎಂದರೆ ಸಾಕು, ತಿರುನಾರಾಯಣ ಇನ್ನೊಮ್ಮೆ ಇತ್ತ ಸುಳಿಯುವುದಿಲ್ಲ. ಸುಳ್ಳೂ ಅಲ್ಲ. ಯಾರಿಗೂ ಕೇಳಿಸುವುದೂ ಇಲ್ಲ.

ಆ ಮಾತನ್ನು ಅವನು ನುಂಗಿಕೊಂಡ. “ಕೊಡೋದಕ್ಕೆ ಅವನೇನು ನನ್ನ ಮನೆ ಪಾತ್ರೆಯೇ? ಅವನನ್ನೇ ಕೇಳು,” ಎಂದ. ಹೋಗಿ ಕೆಂಪಯ್ಯನ ಭುಜ ಮುಟ್ಟಿ ತಿರುಗಿಸಿ, “ಇವರು ನಿನ್ನನ್ನ...” ಎಂದು ಶುರು ಮಾಡಿದ.

“ಕೇಳಿಸ್ತು ಮೇಷ್ಟ್ರೇ,” ಎಂದ ಕೆಂಪಯ್ಯ. “ಎಲ್ಲಾ ಕೇಳಿಸ್ತು.”

ಗದ್ದಲದಲ್ಲಿ ಇವನ ಕಿವಿ ತೆರೆಯುತ್ತದೆಂಬುದು ಕಸ್ತೂರಿರಂಗನಿಗೆ ಮರೆತೇ ಹೋಗಿತ್ತು.

“ಯೋಚ್ನೆ ಮಾಡಿ ಯೋಳ್ತೀನಿ ಸ್ವಾಮಿ,” ಎಂದು ಕೆಂಪಯ್ಯ ತಿರುನಾರಾಯಣನಿಗೆ ಕೈಮುಗಿದ.

ಯೋಚನೆ ಮಾಡುವುದೇನಿದೆ? ಆ ವಾರವೆಲ್ಲ ಕಸ್ತೂರಿರಂಗನಿಗೆ ಅದೇ ಸಂಕಟ. ತರಗತಿಯಲ್ಲಿ ಕರಿಹಲಗೆಯ ಮೇಲೆ ಅರ್ಧ ಬರೆದು ನಿಂತುಬಿಡುತ್ತಿದ್ದ. ಪಂಕಜಮ್ಮ ಬಡಿಸಿದ್ದೇನೆಂದು ಕೇಳಿದರೆ ಹೇಳಲಾರ. ಭಾನುವಾರ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಮಂಡಿಯ ಮಹಡಿ ಹತ್ತಿ ಕಿಟಕಿಯಲ್ಲಿ ಕೂತ. ಮಳವಳ್ಳಿಯ ಬಸ್ಸು ಬಂದು ಹೋಯಿತು. ಕೆಂಪಯ್ಯ ಬರಲ್ಲ ಎಂದು ಖಚಿತಮಾಡಿಕೊಂಡು ಅಕಾರ್ಡಿಯನ್ನಿನ ಧೂಳು ಒರೆಸುತ್ತಿರುವಾಗ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾಯಿತು.

ಕೆಂಪಯ್ಯ ಬಂದವನೇ ಜಮಖಾನ ಬಿಚ್ಚಿದ. ಬೆವರೊರೆಸಿಕೊಂಡು, ಕೇಳುವ ಮುಂಚೆ ತಾನೇ ಹೇಳಿದ.

“ಮಂಡ್ಯಕ್ಕೆ ಓಗಿದ್ದೆ ಮೇಷ್ಟ್ರೇ. ನಿಮ್ ಭಾವನೋರ್ಗೆ ಯೋಳ್ದೆ, ಇಂಗಿಂಗೆ, ನಂಗೆ ಕಿವಿ ಕೇಳಾಕಿಲ್ಲ ಅಂತ. ನಿಮ್ಗೆ ಮುಚ್ಚಿಟ್ಟು ಪಟ್ಟಿದ್ದೇ ಸಾಕು ಅನ್ನುಸ್ತು. ಅವ್ರು ನನ್ ಮೊಕನೇ ನೋಡುದ್ರು. ಆಮೇಲೆ, ಆಯ್ತಪ್ಪಾ, ಓಗ್ಬಾ ಅಂದ್ರು.” ಅಷ್ಟು ಹೇಳಿ ನಕ್ಕ. ಆ ನಗುವಿನಲ್ಲಿ ನೋವಿತ್ತೋ ನಿರಾಳವಿತ್ತೋ ಹೇಳುವುದು ಕಷ್ಟ.

ಕಸ್ತೂರಿರಂಗನ ಮನಸ್ಸು ಹಗುರಾಯಿತು. ಅದರ ಹಿಂದೆಯೇ ಇನ್ನೊಂದು ಪ್ರಶ್ನೆ ಮುಳ್ಳಿನ ಹಾಗೆ ಎದ್ದಿತು. ಕೆಂಪಯ್ಯ ಆಗಲೇ ಸ್ಪೀಕರು ಬಾಕ್ಸಿನ ಮೇಲೆ ಕೂತು, ಗಿಟಾರಿಗೆ ದವಡೆಯೊತ್ತಿ, ಬಿರಡೆ ತಿರುಗಿಸತೊಡಗಿದ್ದ.

“ಅವರು ಪರವಾಗಿಲ್ಲ ಬಾ ಅಂದಿದ್ದರೆ ಹೋಗ್ತಿದ್ದೆಯಾ?” ಎಂದು ಕಸ್ತೂರಿರಂಗ ಅವನ ಬೆನ್ನಿಗೆ, ಮೆಲ್ಲಗೆ ಕೇಳಿದ.

ಮಹಡಿ ತಣ್ಣಗಿತ್ತು. ಕೆಳಗೆ ಮಂಡಿಯಲ್ಲಿ ಕಾಯಿ ಎಣಿಸುವವನ ದನಿ ಬಿಟ್ಟರೆ ಬೇರೆ ಸದ್ದಿರಲಿಲ್ಲ. ಕೆಂಪಯ್ಯನ ಕೈ ಬಿರಡೆಯ ಮೇಲೆ ಒಂದು ಗಳಿಗೆ ನಿಂತ ಹಾಗೆ ಕಂಡಿತು, ಮತ್ತೆ ತಿರುಗಿತು. ಕೇಳಿಸಿತೋ, ತಂತಿ ಶ್ರುತಿಗೆ ಬಂತೆಂದು ನಿಲ್ಲಿಸಿದನೋ.

ಹೋಗಿ ಭುಜ ಮುಟ್ಟಿದರೆ ಗೊತ್ತಾಗುತ್ತಿತ್ತು. ಕಸ್ತೂರಿರಂಗ ಹೋಗಲಿಲ್ಲ. ಸರಸಮ್ಮನೂ ದೊಡ್ಡಸಿದ್ದಯ್ಯನೂ ಮೆಟ್ಟಿಲು ಹತ್ತಿ ಬರುತ್ತಿದ್ದರು. ಅವನು ಅಕಾರ್ಡಿಯನ್ನನ್ನು ಹೆಗಲಿಗೇರಿಸಿಕೊಂಡು, ಕೆಂಪಯ್ಯನ ಎದುರಿಗೆ, ಅವನಿಗೆ ತನ್ನ ಮುಖ ಚೆನ್ನಾಗಿ ಕಾಣುವ ಹಾಗೆ ಸ್ಟೂಲು ಎಳೆದುಕೊಂಡು ಕೂತ.